ಆಕಾಶದ ಅಳತೆ, ನೆಲದ ನ್ಯಾಯ

ಒಂದು ಮೊಳ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಊರನ್ನು ಹುಡುಕಬೇಕಾಗಿಲ್ಲ. ಬಿಡದ ಊರನ್ನು ಹುಡುಕುವುದೇ ಕಷ್ಟ. ಉಳುಮೆಯ ಕಾಲಕ್ಕೆ ಒಬ್ಬರ ನೇಗಿಲು ಒಂದು ಸಾಲು ಆಚೆ ಹೋಗುತ್ತದೆ. ಮರುವರ್ಷ ಟ್ರ್ಯಾಕ್ಟರು ಇನ್ನೊಂದು ಸಾಲನ್ನು ಕೊರೆಯುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬದು ಕರಗಿ, ಗಡಿಕಲ್ಲು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ. ಆಮೇಲೆ ಪಂಚಾಯಿತಿ, ಪೊಲೀಸು, ವಕೀಲರು. ಕೋರ್ಟಿಗೆ ಹೋದವರಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿಲ್ಲ.

ಇಂತಹ ಹೊಲಗಳಿಗೆ ಈಗ ಹೊಸದೊಂದು ಕೋಲು ಬಂದಿದೆ. ಆಳೆತ್ತರದ ಕೋಲು, ಅದರ ತುದಿಯಲ್ಲಿ ಅಣಬೆಯಂತಹ ತಲೆ, ಮೋಜಣಿದಾರರ ಕೈಯಲ್ಲಿ ಸ್ಲೇಟಿನಂತಹ ಚಿಕ್ಕ ಪೆಟ್ಟಿಗೆ. ಇದಕ್ಕೆ ರೋವರ್ ಎಂದು ಹೆಸರು. ರಾಜ್ಯದ ಭೂಮಾಪನ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ಇದನ್ನು ಮೋಜಣಿದಾರರಿಗೆ ಒದಗಿಸತೊಡಗಿದೆ. ಸರಪಳಿ ಎಳೆಯುವ ಆಳುಗಳು ಬೇಕಿಲ್ಲ, ಮುಳ್ಳುಕಂಟಿ ಕಡಿದು ದಾರಿ ಮಾಡಬೇಕಿಲ್ಲ. ಮೂಲೆಯಲ್ಲಿ ಕೋಲು ಊರಿ ಕ್ಷಣಹೊತ್ತು ನಿಂತರೆ ಸಾಕು, ಆ ಜಾಗ ಭೂಮಂಡಲದಲ್ಲಿ ಎಲ್ಲಿದೆ ಎಂಬುದನ್ನು ಹೆಬ್ಬೆರಳ ಅಗಲದಷ್ಟೇ ವ್ಯತ್ಯಾಸದಲ್ಲಿ ಹೇಳುತ್ತದೆ.

ಇದನ್ನು ನಾವು ತುಂಬುಮನಸ್ಸಿನಿಂದ ಸ್ವಾಗತಿಸುತ್ತೇವೆ. ಆದರೆ "ಇನ್ನು ಮೇಲೆ ತಕರಾರೇ ಇರುವುದಿಲ್ಲ, ಎಲ್ಲವನ್ನೂ ಉಪಗ್ರಹವೇ ತೀರ್ಮಾನಿಸುತ್ತದೆ" ಎಂದು ಯಾರಾದರೂ ಹೇಳಿದರೆ ಅದನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಈ ಕೋಲು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ರೈತರು ಮೊದಲು ತಿಳಿದುಕೊಳ್ಳಬೇಕು. ಏಕೆಂದರೆ ಅಳೆಯುವುದು ಅವರ ನೆಲವನ್ನು.

ಸರಪಳಿಯ ಕಾಲ

ನಮ್ಮ ಹೊಲಗಳ ಮೊದಲ ಮೋಜಣಿ ನಡೆದದ್ದು ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲಕ್ಕೂ ಹಿಂದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಯ ಕಡೆ 1840ರ ದಶಕದಲ್ಲಿ ಸರ್ವೆ ಸಾಗಿತ್ತು. ಅದೇ ಪದ್ಧತಿಯನ್ನು ಅನುಸರಿಸಿ ಮೈಸೂರು ಸೀಮೆಯಲ್ಲಿ 1863ರಲ್ಲಿ ಆರಂಭವಾಯಿತು. ಆಗಿನ ಅಳತೆಗೆ 33 ಅಡಿಯ ಸರಪಳಿ. ಆ ಸರಪಳಿಗೆ 16 ಆಣೆ. ಸರಪಳಿಯುದ್ದ ಸರಪಳಿಯಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂತಹ 40 ಗುಂಟೆ ಸೇರಿದರೆ ಎಕರೆ. ಈ ಲೆಕ್ಕ ಇವತ್ತಿಗೂ ನಮ್ಮ ಪಹಣಿಯಲ್ಲಿ ಉಸಿರಾಡುತ್ತಿದೆ.

33 ಅಡಿಯನ್ನು 16ರಿಂದ ಭಾಗಿಸಿದರೆ ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ ಬೀಳುತ್ತದೆ. ಆ ಕಾಲದ ಟಿಪ್ಪಣಿಯಲ್ಲಿ ಉದ್ದವನ್ನು ಬರೆದದ್ದು ಸರಪಳಿ ಮತ್ತು ಆಣೆಗಳಲ್ಲಿ. ಒಂದು ಎಕರೆಯ ಚಚ್ಚೌಕ ಹೊಲವಿದೆ ಎಂದುಕೊಳ್ಳಿ. ಅದರ ಒಂದು ಬದಿ ಸುಮಾರು 209 ಅಡಿ. ಆ ಬದಿಯ ಗಡಿ ಒಂದೇ ಒಂದು ಆಣೆ ಆಚೀಚೆ ಆದರೆ 430 ಚದರ ಅಡಿ, ಅಂದರೆ ಗುಂಟೆಯಲ್ಲಿ ಹತ್ತಿರ ಹತ್ತಿರ ಐದನೆಯ ಎರಡು ಭಾಗದ ವ್ಯತ್ಯಾಸ. ಇದರ ಮೇಲೆ ಸರಪಳಿಯ ಕೊಂಡಿಗಳು ಸವೆದು ಉದ್ದವಾಗುವುದು, ಇಳಿಜಾರಿನಲ್ಲಿ ಸರಪಳಿ ಜೋಲುವುದು ಬೇರೆ.

ಹಾಗೆಂದು ಹಳಬರನ್ನು ಹೀಗಳೆಯುವುದು ಬೇಡ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ವಿಲಿಯಂ ಲ್ಯಾಂಬ್ಟನ್ ದೇಶದ ಮಹಾ ಮೋಜಣಿಗೆ ಆಧಾರರೇಖೆ ಅಳೆದಾಗ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿಯೇ. ಅದನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗುತ್ತದೆಂದು ಉಷ್ಣಮಾಪಕದಿಂದ ನೋಡಿ ಲೆಕ್ಕ ತಿದ್ದಿಕೊಂಡರು. ಅಲ್ಲಿಂದ ತ್ರಿಕೋನಗಳ ಲೆಕ್ಕ ಹಿಡಿದು ಬೆಂಗಳೂರಿಗೆ ಬಂದು, ಇಲ್ಲಿಯೂ ಒಂದು ರೇಖೆಯನ್ನು ನೆಲದ ಮೇಲೆ ಅಳೆದು ತಾಳೆ ನೋಡಿದಾಗ ಮೈಲಿಗಟ್ಟಲೆ ಉದ್ದದ ರೇಖೆಯಲ್ಲಿ ಬಂದ ವ್ಯತ್ಯಾಸ ಕೆಲವೇ ಅಂಗುಲ. ಅಳತೆಯ ಶುದ್ಧಿ ಉಪಕರಣದಲ್ಲಿ ಎಷ್ಟಿದೆಯೋ ಅಳೆಯುವವನ ಶಿಸ್ತಿನಲ್ಲೂ ಅಷ್ಟೇ ಇದೆ. ಹೊಸ ಕೋಲಿಗೂ ಈ ಮಾತು ಅನ್ವಯಿಸುತ್ತದೆ.

ಹೊಸ ಕೋಲು ಅಳೆಯುವ ಬಗೆ

ಮಿಂಚು ಹೊಳೆದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಮಳೆ ಎಷ್ಟು ದೂರದಲ್ಲಿದೆ ಎಂದು ಹೇಳುವ ಹಿರಿಯರನ್ನು ನೀವು ಕಂಡಿರಬಹುದು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಉಪಗ್ರಹದ ಅಳತೆಯೂ ಇದೇ ಬಗೆಯದು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಂತಹ ಕಡೆ ಇದ್ದೇನೆ, ಈಗ ಇಷ್ಟು ಹೊತ್ತು" ಎಂದು ಅವು ಸದಾ ಸಾರುತ್ತಿರುತ್ತವೆ. ಆ ಸಂಕೇತ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನಂತೆ, ನೆಲಕ್ಕೆ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಮೂರು ಗೂಟಗಳಿಂದ ಮೂರು ಹಗ್ಗ ಎಳೆದರೆ ಅವು ಕೂಡುವ ಜಾಗ ಒಂದೇ ಆಗುವಂತೆ, ಹಲವು ಉಪಗ್ರಹಗಳ ದೂರ ಗೊತ್ತಾದರೆ ನಾವು ನಿಂತ ಜಾಗ ಗೊತ್ತಾಗುತ್ತದೆ. ಕೈಯಲ್ಲಿರುವ ಉಪಕರಣದ ಗಡಿಯಾರ ಅಷ್ಟು ಶುದ್ಧವಲ್ಲದ ಕಾರಣ ಅದರ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹವೂ ಬೇಕು.

ಇಲ್ಲಿ ಕಾಲದ ತಪ್ಪು ಎಂದರೆ ದೂರದ ತಪ್ಪು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ಒಂದು ಅಡಿ ತಪ್ಪುತ್ತದೆ. ಗಡಿಯಾರ ಸರಿಯಿದ್ದರೂ ಸಂಕೇತವು ವಾತಾವರಣದ ಮೇಲ್ಪದರಗಳನ್ನು ಹಾಯ್ದು ಬರುವಾಗ ಸ್ವಲ್ಪ ತಡವಾಗುತ್ತದೆ. ಆ ತಡ ಹೊತ್ತಿಗೊಂದು ಬಗೆ, ದಿನಕ್ಕೊಂದು ಬಗೆ. ಹೀಗಾಗಿ ಬರಿಯ ಉಪಗ್ರಹದ ಮಾತನ್ನು ನಂಬಿದರೆ ಕೆಲವು ಮೀಟರುಗಳ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಇದನ್ನು ತಿದ್ದುವ ಉಪಾಯ ನಮ್ಮ ಸಂತೆಯ ಉಪಾಯವೇ. ವ್ಯಾಪಾರಿಯ ತಕ್ಕಡಿ ಸರಿಯಿದೆಯೇ ಎಂದು ನೋಡಬೇಕಾದರೆ ತೂಕ ಗೊತ್ತಿರುವ ಬಟ್ಟನ್ನು ಇಟ್ಟು ನೋಡುತ್ತೇವೆ. ಕಾಲು ಕಿಲೋ ತಪ್ಪು ತೋರಿಸಿದರೆ ನಮ್ಮ ಮೂಟೆಯ ಲೆಕ್ಕದಲ್ಲೂ ಅಷ್ಟನ್ನು ತಿದ್ದಿಕೊಳ್ಳುತ್ತೇವೆ. ಹಾಗೆಯೇ, ಜಾಗ ಮೊದಲೇ ಕರಾರುವಾಕ್ಕಾಗಿ ಗೊತ್ತಿರುವ ಕಡೆ ಒಂದು ಆಧಾರ ಕೇಂದ್ರವನ್ನು ಸ್ಥಾಪಿಸುತ್ತಾರೆ. ತಾನು ನಿಜವಾಗಿ ಎಲ್ಲಿದ್ದೇನೆ, ಉಪಗ್ರಹಗಳು ಎಲ್ಲಿ ಎನ್ನುತ್ತಿವೆ ಎಂಬುದನ್ನು ಅದು ಹಗಲಿರುಳು ಹೋಲಿಸಿ, ಆ ಹೊತ್ತಿನ ತಪ್ಪನ್ನು ದೂರವಾಣಿಯ ಇಂಟರ್‌ನೆಟ್ ಮೂಲಕ ರೋವರಿಗೆ ತಿಳಿಸುತ್ತದೆ. ರೋವರು ತನ್ನ ಲೆಕ್ಕವನ್ನು ಅಲ್ಲಿಯೇ ತಿದ್ದಿಕೊಳ್ಳುತ್ತದೆ. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾ ಸಂಸ್ಥೆ ಇಂತಹ ಕೇಂದ್ರಗಳ ಜಾಲವನ್ನು ದೇಶದಲ್ಲಿ ಹರಡಿದೆ. ಕರ್ನಾಟಕವೂ ಅದರಲ್ಲಿ ಸೇರಿದೆ. ಇವುಗಳನ್ನು ಕಾರ್ಸ್ ಕೇಂದ್ರಗಳೆಂದು ಕರೆಯುತ್ತಾರೆ.

ರೋವರಿನಲ್ಲಿ ಇನ್ನೊಂದು ಜಾಣ್ಮೆ ಇದೆ. ಅದು ಉಪಗ್ರಹದ ಸಂದೇಶವನ್ನು ಓದುವುದಷ್ಟೇ ಅಲ್ಲ, ಸಂದೇಶವನ್ನು ಹೊತ್ತು ತರುವ ಅಲೆಗಳನ್ನೇ ಎಣಿಸುತ್ತದೆ. ಜಿ.ಪಿ.ಎಸ್.ನ ಮುಖ್ಯ ಅಲೆಯ ಉದ್ದ 19 ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು. ನಡುವೆ ಎಷ್ಟು ಪೂರ್ತಿ ಅಲೆಗಳಿವೆ ಎಂಬ ಎಣಿಕೆ ಖಚಿತವಾಯಿತೆಂದರೆ ಉಳಿದ ಚೂರನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಹೇಳಬಹುದು. ಎಣಿಕೆ ಖಚಿತವಾದಾಗ ಪೆಟ್ಟಿಗೆಯ ಪರದೆಯ ಮೇಲೆ "ಫಿಕ್ಸ್" ಎಂದು ಬರುತ್ತದೆ. ಖಚಿತವಾಗದಿದ್ದರೆ "ಫ್ಲೋಟ್" ಎಂದು ಬರುತ್ತದೆ. ಫಿಕ್ಸ್ ಆದಾಗ ಒಂದೆರಡು ಸೆಂಟಿಮೀಟರಿನ ಅಳತೆ. ಫ್ಲೋಟ್ ಆಗಿದ್ದಾಗ ಮೊಳಗಟ್ಟಲೆ ತಪ್ಪು ಬಂದೀತು. ಈ ಎರಡು ಪದಗಳನ್ನು ರೈತರು ಮರೆಯಬಾರದು.

ಈ ವಿದ್ಯೆ ಹೊಲದ ಗಡಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಟ್ರ್ಯಾಕ್ಟರುಗಳು ಇದರ ನೆರವಿನಿಂದ ಚಾಲಕನ ಕೈ ಮುಟ್ಟದೆ ನೇರ ಸಾಲು ಹಿಡಿಯುತ್ತವೆ. ರಸ್ತೆ, ಕಾಲುವೆ, ರೈಲುಹಳಿಗಳ ಕೆಲಸದಲ್ಲೂ, ಅಣೆಕಟ್ಟೆಗಳು ಕೂದಲೆಳೆಯಷ್ಟು ಜರುಗಿದರೂ ತಿಳಿಯಲೂ ಇದನ್ನು ಬಳಸುತ್ತಾರೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರಲ್ಲಿ ಹಾರಿತು. ಅದರ ಕಾಲವನ್ನು ಕಾಯುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ವಿದೇಶದಿಂದ ತಂದು ಕೂರಿಸಿದ್ದ ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟು ಹಿನ್ನಡೆಯಾಯಿತು. 2023ರಲ್ಲಿ ಹಾರಿದ ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿತ್ತು. ಮೋಜಣಿಯ ರೋವರುಗಳು ಒಂದೇ ದೇಶದ ಉಪಗ್ರಹಗಳನ್ನು ನೆಚ್ಚಿಕೊಂಡಿಲ್ಲ. ಅಮೆರಿಕ, ರಷ್ಯಾ, ಯೂರೋಪು, ಚೀನಾ ದೇಶಗಳ ಉಪಗ್ರಹಗಳನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ.

ಕೈಯ ಮೊಬೈಲು ಮೋಜಣಿದಾರನಲ್ಲ

ಈಗ ಹಳ್ಳಿಗಳಲ್ಲಿ ಹೊಸ ಬಗೆಯ ಜಗಳವೊಂದು ತಲೆದೋರಿದೆ. ಯಾರೋ ಮೊಬೈಲಿನಲ್ಲಿ ನಕ್ಷೆ ತೆರೆದು, ಬದುವಿನ ಮೇಲೆ ನಿಂತು, "ನೋಡು, ನಾನು ನಿಂತ ಜಾಗವೂ ನನ್ನ ಸರ್ವೆ ನಂಬರಿನಲ್ಲೇ ತೋರಿಸುತ್ತಿದೆ, ನಿನ್ನ ಬೇಲಿ ಕೀಳು" ಎನ್ನುತ್ತಾರೆ. ಮೊಬೈಲಿನೊಳಗೂ ಉಪಗ್ರಹದ ಸಂಕೇತ ಹಿಡಿಯುವ ಸಾಧನವಿದೆ, ನಿಜ. ಆದರೆ ಅದು ಬಯಲಿನಲ್ಲೂ ಮೂರರಿಂದ ಹತ್ತು ಮೀಟರು ತಪ್ಪಬಹುದು. ಒಂದು ಎಕರೆಯ ಚೌಕದ ಒಂದು ಬದಿಯಲ್ಲಿ ಐದು ಮೀಟರು ತಪ್ಪಿದರೆ ಮೂರು ಗುಂಟೆಗೂ ಹೆಚ್ಚು ನೆಲ ಆಚೀಚೆ ಆದಂತೆ! ಅದೇ ಬದಿಯಲ್ಲಿ ರೋವರು ಎರಡು ಸೆಂಟಿಮೀಟರು ತಪ್ಪಿದರೆ ವ್ಯತ್ಯಾಸ ಬರುವುದು ಹದಿನಾಲ್ಕು ಚದರ ಅಡಿಯಷ್ಟು, ಅಂದರೆ ಒಂದು ಮಂಚದ ಜಾಗವೂ ಅಲ್ಲ.

ಸರ್ಕಾರದ ದಿಶಾಂಕ್ ಆ್ಯಪು ನಾವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯಲು ಉಪಯುಕ್ತ. ಬೆಳೆ ಸಮೀಕ್ಷೆಗೆ ಮೊಬೈಲು ಸಾಕು. ಆದರೆ ಅದನ್ನು ನೋಡಿ ಕಲ್ಲು ಕೀಳುವುದು, ಬೇಲಿ ಸರಿಸುವುದು ಸರ್ವಥಾ ಸಲ್ಲದು. ಅಕ್ಷಾಂಶ ರೇಖಾಂಶಗಳಲ್ಲಿ ಬಿಂದುವಿನ ಮುಂದೆ ಏಳು ಅಂಕಿಗಳಿದ್ದರೆ ಅದು ಒಂದು ಸೆಂಟಿಮೀಟರಿನ ಮಾತು, ಐದು ಅಂಕಿಗಳಿದ್ದರೆ ಒಂದು ಮೀಟರಿನ ಮಾತು. ಆದರೆ ಮೊಬೈಲು ಕೂಡ ಏಳು ಅಂಕಿ ತೋರಿಸಬಲ್ಲದು! ಉದ್ದನೆಯ ಅಂಕಿ ಕಂಡ ಮಾತ್ರಕ್ಕೆ ಶುದ್ಧ ಅಳತೆ ಎಂದು ಬೆರಗಾಗಬಾರದು.

ರೋವರಿಗೂ ಮಿತಿಗಳಿವೆ. ಅದಕ್ಕೆ ತೆರೆದ ಆಕಾಶ ಬೇಕು. ಮಲೆನಾಡಿನ ದಟ್ಟ ಅಡಿಕೆ ತೋಟದಲ್ಲಿ, ಕಾಫಿಯ ನೆರಳು ಮರಗಳ ಕೆಳಗೆ, ಎತ್ತರದ ಗೋಡೆಯ ಪಕ್ಕದಲ್ಲಿ ಸಂಕೇತ ಮುರಿಯುತ್ತದೆ, ಇಲ್ಲವೆ ಎಲೆ ಗೋಡೆಗಳಿಗೆ ತಾಗಿ ಸುತ್ತಿ ಬರುತ್ತದೆ. ಅಲ್ಲಿ ತೆರೆದ ಜಾಗದಲ್ಲಿ ಎರಡು ಬಿಂದುಗಳನ್ನು ರೋವರಿನಿಂದ ಗುರುತಿಸಿಕೊಂಡು, ಅಲ್ಲಿಂದ ಟೋಟಲ್ ಸ್ಟೇಷನ್ ಎಂಬ ಕಣ್ಣಳತೆಯ ಯಂತ್ರದಿಂದ ತೋಟದೊಳಗೆ ಅಳೆಯುವುದೇ ಸರಿಯಾದ ಕ್ರಮ. ತಿದ್ದುಪಡಿ ಬರಲು ಮೊಬೈಲ್ ಜಾಲ ಬೇಕು. ಸಿಗ್ನಲ್ ಇಲ್ಲದ ಊರಿನಲ್ಲಿ ಮೋಜಣಿದಾರರು ತಮ್ಮದೇ ಆಧಾರ ಉಪಕರಣವನ್ನು ಗೊತ್ತಿರುವ ಬಿಂದುವಿನ ಮೇಲೆ ನಿಲ್ಲಿಸಬೇಕಾಗುತ್ತದೆ. ಎರಡು ಮೀಟರಿನ ಕೋಲು ಎರಡು ಡಿಗ್ರಿ ಓರೆಯಾದರೆ ಏಳು ಸೆಂಟಿಮೀಟರು ತಪ್ಪುತ್ತದೆ. ಓರೆಯನ್ನು ತಾನೇ ತಿದ್ದಿಕೊಳ್ಳುವ ರೋವರುಗಳೂ ಇವೆ. ಆದರೂ ಕೋಲಿನ ಮೇಲಿನ ನೀರುಮಟ್ಟದ ಗುಳ್ಳೆ ನಡುವಿನಲ್ಲಿ ನಿಂತಿದೆಯೇ ಎಂದು ನೋಡಲು ದೊಡ್ಡ ಓದೇನೂ ಬೇಡ.

ಯಂತ್ರ ಹೇಳದ ಮಾತು

ಇಷ್ಟೆಲ್ಲ ಸರಿಯಿದ್ದರೂ ರೋವರು ಹೇಳುವುದು "ಈ ಕಲ್ಲು ಇಲ್ಲಿದೆ" ಎಂದು ಮಾತ್ರ. "ಈ ಕಲ್ಲು ಇಲ್ಲಿರಬೇಕಾಗಿತ್ತೇ?" ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಆ ಉತ್ತರ ಇರುವುದು ಹಳೆಯ ಟಿಪ್ಪಣಿಯಲ್ಲಿ, ಗ್ರಾಮನಕ್ಷೆಯಲ್ಲಿ, ಆಕಾರಬಂದಿನಲ್ಲಿ, ಪಾಲುಪಟ್ಟಿಯಲ್ಲಿ, ಅಕ್ಕಪಕ್ಕದವರ ಒಪ್ಪಿಗೆಯಲ್ಲಿ, ಊರ ಹಿರಿಯರ ನೆನಪಿನಲ್ಲಿ. ಆಣೆಯ ಲೆಕ್ಕದಲ್ಲಿ ಬರೆದ ದಾಖಲೆಯನ್ನು ಸೆಂಟಿಮೀಟರಿನ ಯಂತ್ರದಿಂದ ಎಷ್ಟು ಸಲ ಓದಿದರೂ, ಅದರಲ್ಲಿಲ್ಲದ ಶುದ್ಧಿ ಅದಕ್ಕೆ ಬರುವುದಿಲ್ಲ. ಕೊಳಗದಲ್ಲಿ ಅಳೆದು ಕೊಟ್ಟ ರಾಗಿಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಜಗಳ ತೆಗೆದಂತೆ ಆದೀತು.

ಇದು ಬರಿಯ ತರ್ಕವಲ್ಲ. ಪಹಣಿಯಲ್ಲಿ ಎರಡು ಎಕರೆ ಇದ್ದ ಹೊಲವನ್ನು ಈಗ ಶುದ್ಧವಾಗಿ ಅಳೆದರೆ ಒಂದು ಎಕರೆ 38 ಗುಂಟೆ ಬರಬಹುದು, ಎರಡು ಎಕರೆ ಒಂದು ಗುಂಟೆಯೂ ಬರಬಹುದು. ಕಡಿಮೆ ಬಂದವನು "ನನ್ನ ಎರಡು ಗುಂಟೆಯನ್ನು ಪಕ್ಕದವನು ತಿಂದ" ಎಂದು ದೊಣ್ಣೆ ಹಿಡಿಯುತ್ತಾನೆ. ಪಕ್ಕದವನು ತಿಂದಿರಲೂಬಹುದು, ನೂರೈವತ್ತು ವರ್ಷದ ಹಿಂದಿನ ಸರಪಳಿ ತಿಂದಿರಲೂಬಹುದು. ಮೊದಲ ಮೋಜಣಿಯ ಕಲ್ಲು ತನ್ನ ಜಾಗದಲ್ಲೇ ಇದ್ದು ಎರಡೂ ಕಡೆಯವರು ಅದನ್ನು ಒಪ್ಪಿದ್ದರೆ, ಕಲ್ಲೇ ಪ್ರಮಾಣವಾಗಬೇಕು, ಕಾಗದದ ಅಂಕಿಯನ್ನು ತಿದ್ದಬೇಕು ಎಂಬುದು ನಮ್ಮ ಅಭಿಪ್ರಾಯ. ನೆಲದ ಗುರುತು ಕಾಗದದ ಅಂಕಿಗಿಂತ ಮೇಲು ಎಂಬುದು ಮೋಜಣಿಯ ಹಳೆಯ ನೀತಿಯೇ. ಅಂಕಿಗೆ ಸರಿಯಾಗಲೆಂದು ನೆಟ್ಟ ಕಲ್ಲುಗಳನ್ನೆಲ್ಲ ಕಿತ್ತು ನೆಡಲು ಹೊರಟರೆ ಒಬ್ಬರ ಬದುವಿನಲ್ಲಿ ಹತ್ತಿದ ಬೆಂಕಿ ಊರಿಗೆಲ್ಲ ಹಬ್ಬುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಪೋಡಿಯದು. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಹತ್ತು ಹೆಸರುಗಳಿರುತ್ತವೆ. ಯಾರದು ಯಾವ ಕಡೆ ಎಂಬುದು ಊರಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಪಹಣಿಯ ಹೆಸರುಗಳ ಎದುರಿನ ವಿಸ್ತೀರ್ಣವನ್ನೆಲ್ಲ ಕೂಡಿದರೆ ಆಕಾರಬಂದಿನ ವಿಸ್ತೀರ್ಣಕ್ಕೆ ತಾಳೆಯಾಗದ ಉದಾಹರಣೆಗಳು ಎಷ್ಟೋ. ಇಂತಹ ನಂಬರಿನಲ್ಲಿ ರೋವರು ಸುತ್ತಲಿನ ಗಡಿಯನ್ನು ಅಳೆದು ಕೊಡಬಹುದೇ ಹೊರತು ಒಳಗಿನ ಪಾಲನ್ನು ಹೇಳಲಾರದು. ಪಾಲು ಹೇಳಬೇಕಾದವರು ಪಾಲುದಾರರು. ಅವರಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಪಟ್ಟಣ ಸೇರಿದ ತಮ್ಮ ಎಲ್ಲರೂ ಸೇರಿದ್ದಾರೆ. ಅಳತೆಯ ದಿನ ಬದುವಿನ ಮೇಲೆ ನಿಂತವರಷ್ಟೇ ಹಕ್ಕುದಾರರು ಎಂದಾಗಬಾರದು.

ಸ್ವಾಮಿತ್ವ ಯೋಜನೆ ಇದಕ್ಕೆ ಒಳ್ಳೆಯ ಸಾಕ್ಷಿ. ಹಳ್ಳಿಯ ಮನೆ, ಹಿತ್ತಿಲುಗಳನ್ನು ಡ್ರೋನ್ ಹಾರಿಸಿ ಅಳೆದು ಆಸ್ತಿ ಕಾರ್ಡು ಕೊಡುವ ಈ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಆರು ರಾಜ್ಯಗಳ 763 ಹಳ್ಳಿಗಳಿಗೆ ಮೊದಲ ಕಾರ್ಡುಗಳು ಬಂದಾಗ ಅವುಗಳಲ್ಲಿ ನಮ್ಮ ರಾಜ್ಯದ ಎರಡು ಹಳ್ಳಿಗಳಿದ್ದವು. ಅಲ್ಲಿ ಡ್ರೋನ್ ಹಾರುವ ಮೊದಲು ಏನು ಮಾಡುತ್ತಾರೆ ಗೊತ್ತೆ? ಮನೆಯವರೂ ನೆರೆಯವರೂ ಪಂಚಾಯಿತಿಯವರೂ ಸೇರಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಆಕಾಶದ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದು ಕಾಣುವುದು ನೆಲದ ಜನ ಒಪ್ಪಿ ಎಳೆದ ಸುಣ್ಣದ ಗೆರೆಯನ್ನೇ. ಅಂದ ಹಾಗೆ, ಈ ಕಾರ್ಡು ಊರೊಳಗಿನ ವಾಸದ ಜಾಗಕ್ಕೆ ಮಾತ್ರ. ಹೊಲಗದ್ದೆಗಳಿಗೆ ಅದು ಅನ್ವಯಿಸುವುದಿಲ್ಲ.

ನಡೆಯುವ ನೆಲ

ಇನ್ನೊಂದು ವಿಷಯ ಕೇಳಿದರೆ ಹಲವರು ನಗಬಹುದು. ನಮ್ಮ ಹೊಲಗಳು ನಡೆಯುತ್ತಿವೆ! ಇಡೀ ಭಾರತದ ನೆಲವೇ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯದತ್ತ ಜರುಗುತ್ತಿದೆ. ಹಿಮಾಲಯವನ್ನು ಎಬ್ಬಿಸಿದ್ದು ಈ ನೂಕುವಿಕೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಉಪಗ್ರಹ ಸಂಕೇತದ ಕೇಂದ್ರ ಇಂತಹ ಚಲನೆಯನ್ನು ದಶಕಗಳಿಂದ ದಾಖಲಿಸುತ್ತ ಬಂದಿದೆ.

ನೆರೆಹೊರೆಯ ಹೊಲಗಳೂ ಒಟ್ಟಿಗೇ ಜರುಗುವುದರಿಂದ ಯಾರ ಗಡಿಯೂ ಯಾರಿಗೂ ಹತ್ತಿರವಾಗುವುದಿಲ್ಲ, ದೂರವಾಗುವುದಿಲ್ಲ. ಆದರೆ ಭೂಮಂಡಲದ ಲೆಕ್ಕದಲ್ಲಿ ಬರೆದಿಟ್ಟ ಅಂಕಿ ಮಾತ್ರ 20 ವರ್ಷಕ್ಕೆ ಒಂದು ಮೀಟರಿನಷ್ಟು ಹಳತಾಗುತ್ತದೆ. ಇಂದು ಬರೆದ ಅಂಕಿಯನ್ನು ಮೊಮ್ಮಗನ ಕಾಲಕ್ಕೆ ಯಾರೋ ತಿಳಿಯದೆ ನೇರವಾಗಿ ಬಳಸಿದರೆ ಗಡಿ ಪಕ್ಕದ ಹೊಲದೊಳಗೆ ಹೋಗಿ ನಿಂತೀತು. ಆದ್ದರಿಂದ ಅಳತೆಯ ತಾರೀಖು, ಯಾವ ಲೆಕ್ಕದ ಚೌಕಟ್ಟು, ಯಾವ ಆಧಾರ ಕೇಂದ್ರ ಎಂಬ ಮೂರನ್ನೂ ನಕ್ಷೆಯ ಮೇಲೆಯೇ ಬರೆಯುವುದು ಅತ್ಯಗತ್ಯ. ಇಸವಿ ಇಲ್ಲದ ಸಾಲಪತ್ರ ಎಷ್ಟು ಉಪಯೋಗಕ್ಕೆ ಬಂದೀತೋ ತಾರೀಖಿಲ್ಲದ ಅಂಕಿಯೂ ಅಷ್ಟೇ.

ಸರ್ಕಾರ ಮಾಡಬೇಕಾದುದು

ಮೊದಲನೆಯದಾಗಿ, ಅಳತೆಯಾದ ಪ್ರತಿಯೊಂದು ಮೂಲೆಕಲ್ಲಿನ ಅಂಕಿಗಳನ್ನು ನಕ್ಷೆಯ ಜೊತೆಗೆ ರೈತನ ಕೈಗೆ ಕೊಡಬೇಕು. ಪಕ್ಕದ ಹಿಡುವಳಿದಾರನಿಗೂ ಪ್ರತಿ ಸಿಗಬೇಕು. ಅಂಕಿ ಕಚೇರಿಯ ಗಣಕಯಂತ್ರದಲ್ಲಷ್ಟೇ ಉಳಿದರೆ ರೈತನ ಪಾಲಿಗೆ ಅದು ಇದ್ದೂ ಇಲ್ಲದಂತೆ. ತಿದ್ದುವ ಅಧಿಕಾರ ಇದ್ದವರು ತಿದ್ದಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಎರಡು ಮನೆಗಳಲ್ಲಿ ಪ್ರತಿ ಇದ್ದರೆ ಅಂತಹ ಅಳುಕಿಗೆ ಎಡೆಯಿಲ್ಲ.

ಎರಡನೆಯದಾಗಿ, ಪ್ರತಿ ಊರಿನಲ್ಲಿ ಚಾವಡಿಯ ಅಥವಾ ಶಾಲೆಯ ಅಂಗಳದಲ್ಲಿ, ಆಕಾಶ ತೆರೆದಿರುವ ಕಡೆ, ಒಂದೆರಡು ಪರೀಕ್ಷಾ ಕಲ್ಲುಗಳನ್ನು ನೆಟ್ಟು ಅವುಗಳ ಶುದ್ಧ ಅಂಕಿಯನ್ನು ಹಲಗೆಯ ಮೇಲೆ ಬರೆಸಬೇಕು. ಮೋಜಣಿದಾರರು ಕೆಲಸಕ್ಕೆ ಮೊದಲು ಅಲ್ಲಿ ಕೋಲು ಊರಿ, ಅಂಕಿ ತಾಳೆಯಾಗುವುದನ್ನು ಎಲ್ಲರ ಎದುರು ತೋರಿಸಬೇಕು. ಸಂತೆಯ ತಕ್ಕಡಿಗೆ ಮುದ್ರೆ ಹೊಡೆಯುವ ಸರ್ಕಾರ, ಅದಕ್ಕಿಂತ ಬೆಲೆಬಾಳುವ ನೆಲ ಅಳೆಯುವ ಕೋಲಿಗೆ ಇಷ್ಟು ಪರೀಕ್ಷೆ ಇಡುವುದು ದೊಡ್ಡ ಖರ್ಚಿನ ಮಾತಲ್ಲ.

ಮೂರನೆಯದಾಗಿ, ಅಳತೆಯ ನೋಟೀಸು ಎಲ್ಲ ಪಾಲುದಾರರಿಗೂ ಮುಂಚಿತವಾಗಿ ತಲುಪಬೇಕು. ಬಿತ್ತನೆ, ಒಕ್ಕಣೆಯ ಗಡಿಬಿಡಿಯ ದಿನಗಳನ್ನು ತಪ್ಪಿಸಬೇಕು. ಅಳತೆಯನ್ನು ಒಪ್ಪದವರಿಗೆ ಬೇರೆ ದಿನ, ಬೇರೆ ಮೋಜಣಿದಾರರಿಂದ, ಅಲ್ಪ ಶುಲ್ಕದಲ್ಲಿ ಮರು ಅಳತೆ ಮಾಡಿಸಿಕೊಳ್ಳುವ ಹಕ್ಕು ಇರಬೇಕು. ಸರ್ಕಾರಿ ಮೋಜಣಿದಾರರಿಗೂ ಪರವಾನಗಿ ಪಡೆದ ಮೋಜಣಿದಾರರಿಗೂ ಯಂತ್ರದ ತರಬೇತಿ ಕೊಟ್ಟರೆ ಸಾಲದು, ಹಳೆಯ ಟಿಪ್ಪಣಿ ಓದುವ ವಿದ್ಯೆಯನ್ನೂ ಕಲಿಸಬೇಕು. ಆ ವಿದ್ಯೆ ಬಲ್ಲ ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ ಎಂಬುದನ್ನು ಇಲಾಖೆ ಮರೆಯಬಾರದು.

ರೈತರು ಮಾಡಬೇಕಾದುದು

ರೋವರು ಊರಿಗೆ ಬರುವ ಮೊದಲೇ ರೈತರು ಮಾಡಿಕೊಳ್ಳಬೇಕಾದ ಸಿದ್ಧತೆ ಸಾಕಷ್ಟಿದೆ. ನಿಮ್ಮ ಸರ್ವೆ ನಂಬರಿನ ಪಹಣಿ, ಆಕಾರಬಂದು, ಟಿಪ್ಪಣಿಗಳ ನಕಲನ್ನು ತಾಲ್ಲೂಕು ಕಚೇರಿಯಿಂದ ಪಡೆದು ಒಂದಕ್ಕೊಂದು ತಾಳೆ ನೋಡಿ. ಮಣ್ಣಿನಲ್ಲಿ ಹುದುಗಿದ ಬಾಂದುಕಲ್ಲುಗಳನ್ನು ಹುಡುಕಿ, ಸುತ್ತ ಶುಚಿ ಮಾಡಿ, ಸುಣ್ಣ ಬಳಿಯಿರಿ. ಹಿರಿಯರು ಬದುಕಿರುವಾಗಲೇ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಗುರುತು ಕೇಳಿ. ಪೋಡಿಯಾಗದ ಜಮೀನಿದ್ದರೆ ಪಾಲುದಾರರೆಲ್ಲ ಕುಳಿತು ಮಾತಾಡಿ, ಅರ್ಜಿ ಕೊಡಿ. ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ 11ಇ ನಕ್ಷೆ ಬೇಕೇ ಬೇಕು. ಆ ಹೊತ್ತಿಗೆ ಓಡಾಡುವುದಕ್ಕಿಂತ ಈಗಲೇ ಸರಿಪಡಿಸಿಕೊಳ್ಳುವುದು ಜಾಣತನ.

ಅಳತೆಯ ದಿನ ನೆರೆಯವರನ್ನು ಕರೆದು ಜೊತೆಯಲ್ಲಿ ನಿಲ್ಲಿಸಿಕೊಳ್ಳಿ. ಪರದೆಯ ಮೇಲೆ ಫಿಕ್ಸ್ ಬಂದಿದೆಯೇ ಎಂದು ವಿನಯದಿಂದ ಕೇಳಿ. ಕೋಲಿನ ಗುಳ್ಳೆ ನೋಡಿ. ಮೊದಲು ಅಳೆದ ಮೂಲೆಯನ್ನು ಕೊನೆಗೆ ಇನ್ನೊಮ್ಮೆ ಅಳೆದು ತೋರಿಸುವಂತೆ ಕೋರಿ. ಎರಡು ಸಲದ ಅಂಕಿಯೂ ಸೆಂಟಿಮೀಟರುಗಳೊಳಗೆ ಕೂಡಿದರೆ ನಂಬಿಕೆ ಬರುತ್ತದೆ. ಅಳತೆ ಮುಗಿದ ದಿನವೇ ಕಲ್ಲು ನೆಡಿಸಿ. ಅಂಕಿ ಎಷ್ಟೇ ಶುದ್ಧವಾಗಿರಲಿ, ಉಳುವವನ ಕಣ್ಣಿಗೆ ಕಾಣುವುದು ಕಲ್ಲು. ಓದದೆ ಮಹಜರಿಗೆ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ. ಒಪ್ಪಿಗೆಯಾಗದಿದ್ದರೆ ತಕರಾರನ್ನು ಅದರಲ್ಲೇ ಬರೆಸಿ.

ನೂರೈವತ್ತು ವರ್ಷದ ಹಿಂದೆ ಸರಪಳಿ ಎಳೆದವರು ಬಿಟ್ಟುಹೋದ ಅಳತೆಯ ಮೇಲೆ ನಾವು ಇವತ್ತಿಗೂ ಬದುಕುತ್ತಿದ್ದೇವೆ, ಜಗಳವನ್ನೂ ಆಡುತ್ತಿದ್ದೇವೆ. ಈಗ ನಡೆಯುವ ಅಳತೆಯ ಮೇಲೆ ನಮ್ಮ ಮಕ್ಕಳು, ಮೊಮ್ಮಕ್ಕಳು ಬದುಕಬೇಕು. ಅಣ್ಣತಮ್ಮಂದಿರು, ನೆರೆಹೊರೆಯವರು ಮೊದಲು ಬದುವಿನ ಮೇಲೆ ಒಟ್ಟಿಗೆ ನಿಂತು "ಇದೇ ನಮ್ಮ ಗಡಿ" ಎಂದು ಒಪ್ಪಿಕೊಂಡರೆ, ಆ ಒಪ್ಪಂದವನ್ನು ಯಾರೂ ಅಳಿಸಲಾಗದಂತೆ ಬರೆದಿಡುವ ಕೆಲಸವನ್ನು ಆಕಾಶದ ಉಪಗ್ರಹ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ಒಪ್ಪುವ ಕೆಲಸ ನಮ್ಮದು. ಈ ಸುಗ್ಗಿ ಮುಗಿದು ಹೊಲ ಬರಿದಾದಾಗ, ಬದುವಿನ ಕಲ್ಲು ಕಣ್ಣಿಗೆ ಬೀಳುವ ದಿನಗಳಲ್ಲಿ, ಆ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.